ಟಾರ್ಮಿಗನ್ ಟ್ರಾವರ್ಸ್: ನಾಲ್ಕು ದಿನದ ಕರಡು ಏಳು ದಿನದ ಯೋಜನೆ ಆದ ಬಗೆ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ನಾರ್ತ್ ಕ್ಯಾಸ್ಕೇಡ್ಸ್ ಪರ್ವತಗಳ ಕ್ಯಾಸ್ಕೇಡ್ ಪಾಸ್‌ನಿಂದ ದಕ್ಷಿಣಕ್ಕೆ ಹೊರಟು, ಒಂದರ ನಂತರ ಒಂದು ಹಿಮನದಿ ದಾಟಿ, ಡೌನಿ ಕ್ರೀಕ್ ಕಣಿವೆಗೆ ಇಳಿಯುವ ದಾರಿಗೆ ಟಾರ್ಮಿಗನ್ ಟ್ರಾವರ್ಸ್ ಎಂದು ಹೆಸರು. ಉದ್ದ ಸುಮಾರು 55 ಕಿ.ಮೀ. 1938ರಲ್ಲಿ ಟಾರ್ಮಿಗನ್ ಕ್ಲೈಂಬಿಂಗ್ ಕ್ಲಬ್ಬಿನ ನಾಲ್ವರು ಇದನ್ನು ಮೊದಲು ದಾಟಿದರು. ಎರಡನೇ ತಂಡ ದಾಟಿದ್ದು 1953ರಲ್ಲಿ. ಸಿಯಾಟಲ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ ಇದು ಅರ್ಧ ದಿನದ ಡ್ರೈವಿನಲ್ಲೇ ಸಿಗುವ ನಿಜವಾದ ಕಾಡುಪರ್ವತ.

ಕೆಳಗಿನದು ಮೂರು ಜನರ ತಂಡಕ್ಕೆ, ಜುಲೈ ಕೊನೆ ಅಥವಾ ಆಗಸ್ಟ್ ಮೊದಲಿಗೆ, ಯೋಜನೆ ಕಟ್ಟುವ ಕೆಲಸದ ದಾಖಲೆ. ಹಿಮದ ಮೇಲೆ ಕ್ರ್ಯಾಂಪನ್ (ಬೂಟಿನಡಿಗೆ ಕಟ್ಟುವ ಲೋಹದ ಹಲ್ಲು), ಐಸ್ ಆ್ಯಕ್ಸ್ ಬಳಸಿ ಗೊತ್ತಿರುವವರು, ಹಿಮನದಿಯ ಬಿರುಕಿಗೆ ಬಿದ್ದವರನ್ನು ಮೇಲೆತ್ತುವುದನ್ನು ಕಲಿತವರು ಓದುತ್ತಿದ್ದಾರೆ ಎಂದೇ ಬರೆದಿದೆ. ಕಲಿಯದವರು ಮೊದಲು ಕಲಿಯಲಿ; ಈ ದಾರಿ ಅದಕ್ಕೆ ಜಾಗವಲ್ಲ.

ಕರಡು 1: ನಾಲ್ಕು ದಿನ

ಮೊದಲು ಕೈಗೆ ಬರುವ ಕರಡು ಎಲ್ಲರದೂ ಒಂದೇ ಥರ ಇರುತ್ತದೆ. ನಕ್ಷೆಯಲ್ಲಿ ಚೆಂದದ ಕೆರೆಗಳನ್ನು ಹುಡುಕಿ ಅಲ್ಲಿ ಟೆಂಟ್ ಗುರುತು ಹಾಕುವುದು. ಮೊದಲ ರಾತ್ರಿ ಕೂಲ್-ಏಡ್ ಲೇಕ್, ಎರಡನೆಯದು ಯಾಂಗ್ ಯಾಂಗ್ ಲೇಕ್ಸ್, ಮೂರನೆಯದು ವೈಟ್ ರಾಕ್ ಲೇಕ್ಸ್, ನಾಲ್ಕನೇ ದಿನ ಕಾರು. ಮೊದಲ ಮೂರು ದಿನ ಸರಿಯಾಗಿಯೇ ಇವೆ. ಕೈ ಕೊಡುವುದು ನಾಲ್ಕನೆಯದು.

ನಡಿಗೆಯ ವೇಳೆಗೆ 1892ರ ನೇಯ್ಸ್‌ಮಿತ್ ಸೂತ್ರ ಎಲ್ಲರ ಬಾಯಲ್ಲೂ ಇದೆ: 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀ. ಏರಿಗೆ ಇನ್ನೊಂದು ಗಂಟೆ. ಸ್ಕಾಟ್ಲೆಂಡಿನ ಗುಡ್ಡದಲ್ಲಿ ಹಗುರವಾಗಿ ನಡೆಯುವವರಿಗೆ ಹೊಂದುವ ಲೆಕ್ಕ ಅದು. 18 ಕಿಲೋ ಹೊತ್ತು ಇಲ್ಲಿ ನಡೆಯುವವರಿಗೆ ನೆಲ ನೋಡಿ ಮೂರು ಬೇರೆ ಲೆಕ್ಕ ಇಡಬೇಕು. ಒಳ್ಳೆಯ ಕಾಲುದಾರಿಯಲ್ಲಿ ಗಂಟೆಗೆ 3 ಕಿ.ಮೀ., ಜೊತೆಗೆ ಪ್ರತಿ 400 ಮೀ. ಏರಿಗೆ ಒಂದು ಗಂಟೆ. ಹಿಮ, ಕಲ್ಲುರಾಶಿಯಲ್ಲಿ ಗಂಟೆಗೆ ಒಂದೂವರೆ ಕಿ.ಮೀ., ಪ್ರತಿ 300 ಮೀ. ಏರಿಗೆ ಒಂದು ಗಂಟೆ. ಪೊದೆಯಲ್ಲಿ ಇಳಿಜಾರೇ ಇದ್ದರೂ ಗಂಟೆಗೆ 1 ಕಿ.ಮೀ., ಸಾಮಾನ್ಯವಾಗಿ ಅದಕ್ಕೂ ಸ್ವಲ್ಪ ಹೆಚ್ಚು, ಅಷ್ಟೇ.

ಈ ಲೆಕ್ಕವನ್ನು ಕೊನೆಯ ಭಾಗಕ್ಕೆ ಹಾಕಿ ನೋಡಿ. ಕಬ್ ಲೇಕ್‌ನಿಂದ ಕಬ್ ಪಾಸ್ ಏರಲು 1 ಗಂಟೆ. ಅಲ್ಲಿಂದ ಬ್ಯಾಚುಲರ್ ಕ್ರೀಕ್ ಜೊತೆ ಸುಮಾರು 6 ಕಿ.ಮೀ. ಇಳಿಯಲು 5 ಗಂಟೆ. ಡೌನಿ ಕ್ರೀಕ್ ಕಾಲುದಾರಿ ಸುಮಾರು 10.5 ಕಿ.ಮೀ., ಮೂರೂವರೆ ಗಂಟೆ. ನಿಲುಗಡೆಗೆ 1 ಗಂಟೆ. ಒಟ್ಟು ಹತ್ತೂವರೆ ಗಂಟೆ. ನೇಯ್ಸ್‌ಮಿತ್ ಸೂತ್ರ ಇದೇ ದಾರಿಗೆ ನಾಲ್ಕು ಗಂಟೆಯನ್ನೂ ಕೊಡುವುದಿಲ್ಲ. ವೈಟ್ ರಾಕ್ ಲೇಕ್ಸ್‌ನಿಂದ ಡೇನಾ ಹಿಮನದಿ ಏರಿ, ಸ್ಪೈರ್ ಕೋಲ್ (ಕೋಲ್ ಅಂದರೆ ಎರಡು ಶಿಖರಗಳ ನಡುವಿನ ತಗ್ಗು) ದಾಟಿ, ಕಬ್ ಲೇಕ್ ಮುಟ್ಟಲು ಅದಕ್ಕೂ ಮೊದಲು ಐದೂವರೆ ಗಂಟೆ ಬೇಕು. ಅಂದರೆ ಕರಡು 1ರ ನಾಲ್ಕನೇ ದಿನ ಹದಿನಾರು ಗಂಟೆಯದು, ಅದರಲ್ಲಿ ಐದು ಗಂಟೆ, ದಣಿದ ಮೇಲೆ, ಪೊದೆಯೊಳಗೆ; ಕೊನೆ ಕತ್ತಲಲ್ಲಿ.

ಆ ಪೊದೆ ಎಂಥದ್ದೆಂದರೆ, ಹಿಮಕುಸಿತ ಇಳಿದು ಮರ ಬೋಳಾದ ಪಟ್ಟೆಗಳಲ್ಲಿ ಬೆಳೆಯುವ ಸ್ಲೈಡ್ ಆಲ್ಡರ್ ಅದು. ಚಳಿಗಾಲದ ಹಿಮದ ಭಾರಕ್ಕೆ ಅದರ ಕಾಂಡ ಕೆಳಮುಖವಾಗಿ ಬಾಗಿ, ನಡೆಯುವವರ ಎದೆಯ ಎತ್ತರಕ್ಕೆ ಅಡ್ಡ ಮಲಗಿರುತ್ತದೆ. ಮೇಲೆ ಹತ್ತಿದರೆ ಬೂಟು ಜಾರುತ್ತದೆ, ಕೆಳಗೆ ತೂರಿದರೆ ಬ್ಯಾಗಿನ ಹೊರಗೆ ಕಟ್ಟಿದ್ದೆಲ್ಲ ಸಿಕ್ಕಿಕೊಳ್ಳುತ್ತದೆ. ತೇವದ ಜಾಗದಲ್ಲಿ ಡೆವಿಲ್ಸ್ ಕ್ಲಬ್ ಗಿಡ: ಕಾಂಡಕ್ಕೂ ಎಲೆಯ ಅಡಿಗೂ ಮುಳ್ಳು, ಆಸರೆಗೆ ಹಿಡಿದರೆ ಅಂಗೈಯಲ್ಲಿ ಮುರಿದು ಕೂರುತ್ತದೆ. ಮಲೆನಾಡಿನ ಜಿಗ್ಗು ಕಂಡವರಿಗೆ ಇದು ಅರ್ಥವಾಗುತ್ತದೆ. ಆದರೆ ಇದು ಸಂರಕ್ಷಿತ ಕಾಡು, ಕತ್ತಿ ಬೀಸುವಂತಿಲ್ಲ. ಆ ದಿನದ ಮಟ್ಟಿಗೆ ಐಸ್ ಆ್ಯಕ್ಸ್, ಪಿಕೆಟ್ (ಹಿಮಕ್ಕೆ ಹೊಡೆಯುವ ಗೂಟ), ಚಾಪೆ ಎಲ್ಲವೂ ಬ್ಯಾಗಿನ ಒಳಗೆ ಹೋಗಬೇಕು. ಹಿಮನದಿಯಲ್ಲಿ ಹಾಕುವ ತೆಳು ಕೈಗವಸು ಸಾಲದು. 100 ಗ್ರಾಮಿನ ತೊಗಲಿನ ಕೆಲಸದ ಗವಸು ಒಂದು ಜೊತೆ ಬೇಕು.

ಕರಡು 2: ಹಿಂದಿನಿಂದ ಮುಂದಕ್ಕೆ

ಹಾಗಾಗಿ ಯೋಜನೆಯನ್ನು ಕಾರಿನಿಂದ ಶುರುಮಾಡಿ ಹಿಂದಕ್ಕೆ ಕಟ್ಟಬೇಕು. ಕೊನೆಯ ದಿನ ಬೆಳಿಗ್ಗೆ 6ಕ್ಕೆ ಕಬ್ ಲೇಕ್ ಬಿಟ್ಟರೆ ಸಂಜೆ ನಾಲ್ಕೂವರೆಗೆ ಕಾರು. ಅಂದರೆ ಹಿಂದಿನ ರಾತ್ರಿ ಕಬ್ ಲೇಕ್‌ನಲ್ಲೇ ಇರಬೇಕು. ಅದರ ಹಿಂದಿನ ರಾತ್ರಿ ಇಟ್ಸ್‌ವೂಟ್ ರಿಡ್ಜ್, ಏಕೆಂದರೆ ಡೋಮ್ ಪೀಕ್ (8,920 ಅಡಿ, 2,719 ಮೀ.) ಹತ್ತುವುದು ಅಲ್ಲಿಂದ. ಹೋಗಿಬರಲು 7–8 ಗಂಟೆ. ಡೋಮ್‌ನ ತುದಿಯ ಕೊನೆಯ ಕೆಲವು ಮೀಟರು ಎರಡೂ ಬದಿ ಪ್ರಪಾತವಿರುವ ಕಿರಿದಾದ ಬಂಡೆ ಏಣು. ಹಗ್ಗ ಹಾಕಿಯೇ ಹೋಗಬೇಕು, ಬಂಡೆಗೆ ಸುತ್ತಲು 120 ಸೆಂ.ಮೀ. ಸ್ಲಿಂಗ್ (ಪಟ್ಟಿಯ ಕುಣಿಕೆ) ನಾಲ್ಕು ಬೇಕು.

ಹೀಗೆ ಹಿಂದೆ ಹಿಂದೆ ಬಂದರೆ ಸಿಗುವ ಪಟ್ಟಿ:

ದಿನ 1: ಟ್ರೇಲ್‌ಹೆಡ್ (ಕಾಲುದಾರಿ ಶುರುವಾಗುವ ಜಾಗ, ಸುಮಾರು 1,100 ಮೀ.) → ಕ್ಯಾಸ್ಕೇಡ್ ಪಾಸ್ (1,643 ಮೀ.) → ಕ್ಯಾಶ್ ಕೋಲ್ (ಸುಮಾರು 2,110 ಮೀ.) → ಕೂಲ್-ಏಡ್ ಲೇಕ್.
ದಿನ 2: ರೆಡ್ ಲೆಡ್ಜಸ್ → ಮಿಡಲ್ ಕ್ಯಾಸ್ಕೇಡ್ ಹಿಮನದಿ → ಸ್ಪೈಡರ್–ಫಾರ್ಮಿಡಬಲ್ ಕೋಲ್ (ಸುಮಾರು 2,230 ಮೀ.) → ಯಾಂಗ್ ಯಾಂಗ್ ಲೇಕ್ಸ್.
ದಿನ 3: ಲೆ ಕಾಂಟ್ ಹಿಮನದಿ → ಸೌತ್ ಕ್ಯಾಸ್ಕೇಡ್ ಹಿಮನದಿ → ವೈಟ್ ರಾಕ್ ಲೇಕ್ಸ್.
ದಿನ 4: ಡೇನಾ ಹಿಮನದಿ → ಸ್ಪೈರ್ ಕೋಲ್ → ಇಟ್ಸ್‌ವೂಟ್ ರಿಡ್ಜ್.
ದಿನ 5: ಡೋಮ್ ಪೀಕ್, ಇಳಿದು ಕಬ್ ಲೇಕ್.
ದಿನ 6: ಹೊರಗೆ.
ಇದರ ಮೇಲೆ ಒಂದು ಖಾಲಿ ದಿನ.

ದಿಕ್ಕು ಉತ್ತರದಿಂದ ದಕ್ಷಿಣಕ್ಕೇ ಇರಲಿ. ಕ್ಯಾಸ್ಕೇಡ್ ಪಾಸ್ ಕಡೆಯ ಟ್ರೇಲ್‌ಹೆಡ್ ಡೌನಿ ಕ್ರೀಕಿಗಿಂತ 600 ಮೀ.ಗೂ ಹೆಚ್ಚು ಎತ್ತರದಲ್ಲಿದೆ. ತಿರುವುಮುರುವಾಗಿ ಹೋದರೆ ಅದೇ ಪೊದೆಯನ್ನು ಮೊದಲ ದಿನವೇ, ಬ್ಯಾಗ್ ಅತಿ ಭಾರವಿರುವಾಗ, ಮೇಲ್ಮುಖವಾಗಿ ಹಾಯಬೇಕಾಗುತ್ತದೆ.

ಖಾಲಿ ದಿನವನ್ನು ಪಟ್ಟಿಯ ಕೊನೆಗೆ ಬರೆದಿಟ್ಟರೆ ಅದು ರಜೆಯ ಲೆಕ್ಕಕ್ಕೆ ಹೋಗುತ್ತದೆ, ದಾರಿಯ ಲೆಕ್ಕಕ್ಕೆ ಬರುವುದಿಲ್ಲ. ಮೋಡ ಮುಚ್ಚಿದಾಗ ಕೂರಬಹುದಾದ ಜಾಗಗಳಿಗೆ ಅದನ್ನು ಕಟ್ಟಿಹಾಕಬೇಕು: ಕೂಲ್-ಏಡ್, ಯಾಂಗ್ ಯಾಂಗ್, ವೈಟ್ ರಾಕ್. ಮೂರರಲ್ಲೂ ನೀರಿದೆ, ಸಮತಟ್ಟಿದೆ. ಸೌತ್ ಕ್ಯಾಸ್ಕೇಡ್ ಹಿಮನದಿಯ ನಡುವೆ ಮಂಜಿನಲ್ಲಿ ಸಿಕ್ಕಿ ನಿಲ್ಲುವುದಕ್ಕೂ ಯಾಂಗ್ ಯಾಂಗ್ ಕೆರೆಯ ದಂಡೆಯಲ್ಲಿ ಒಂದು ದಿನ ಮಲಗುವುದಕ್ಕೂ ಇರುವ ವ್ಯತ್ಯಾಸವೇ ಈ ದಿನದ ಬೆಲೆ.

ಪ್ರತಿ ಕೋಲ್‌ಗೂ ಒಂದು ಪ್ರಶ್ನೆ ಬರೆದುಕೊಳ್ಳಬೇಕು: ಇಲ್ಲಿ ಮುಂದೆ ಹೋಗಲಾಗದಿದ್ದರೆ ಇಂದು ರಾತ್ರಿ ಎಲ್ಲಿ? ಕ್ಯಾಶ್ ಕೋಲ್‌ನಲ್ಲಿ ಉತ್ತರ ಸುಲಭ, ಬಂದ ದಾರಿಯಲ್ಲೇ ಕಾರಿಗೆ. ಸ್ಪೈಡರ್–ಫಾರ್ಮಿಡಬಲ್ ಕೋಲ್‌ನಲ್ಲಿ ಕೂಲ್-ಏಡ್‌ಗೆ ವಾಪಸ್. ಆ ಕೋಲ್ ದಾಟಿ ಇಳಿದ ಮೇಲೆ ಹೊರಬೀಳಲು ಸಲೀಸಾದ ದಾರಿ ಇಲ್ಲ. ಪಕ್ಕದ ಕಣಿವೆಗಳು ನಕ್ಷೆಯಲ್ಲಿ ಹತ್ತಿರ ಕಾಣುತ್ತವೆ, ಆದರೆ ಇಳಿದರೆ ಮತ್ತದೇ ಪೊದೆ, ಈ ಸಲ ಕಾಲುದಾರಿಯೂ ಇಲ್ಲದೆ. ಹಾಗಾಗಿ ಹವಾಮಾನದ ನಿಜವಾದ ನಿರ್ಧಾರ ಎರಡನೇ ದಿನ ಮಧ್ಯಾಹ್ನ ಆ ಕೋಲ್ ಮೇಲೆಯೇ. ಮುಂದಿನ ಎರಡು ದಿನದ ಮುನ್ಸೂಚನೆಯನ್ನು ಸ್ಯಾಟಲೈಟ್ ಮೆಸೆಂಜರಿನಲ್ಲಿ ಅಲ್ಲಿ ತರಿಸಿಕೊಂಡು ನೋಡಿ ಇಳಿಯಬೇಕು.

ಪರ್ಮಿಟ್ಟಿನ ವಿಷಯ ಚಿಕ್ಕದು. ನ್ಯಾಷನಲ್ ಪಾರ್ಕ್ ಒಳಗೆ, ಉದಾಹರಣೆಗೆ ಪೆಲ್ಟನ್ ಬೇಸಿನ್‌ನಲ್ಲಿ, ರಾತ್ರಿ ಉಳಿಯುವುದಾದರೆ ಮಾರ್ಬಲ್‌ಮೌಂಟ್ ಕಚೇರಿಯಿಂದ ಪರ್ಮಿಟ್ ಬೇಕು. ಕ್ಯಾಸ್ಕೇಡ್ ಪಾಸ್ ಮೇಲೆಯೇ ಟೆಂಟ್ ಹಾಕುವಂತಿಲ್ಲ. ಕೂಲ್-ಏಡ್ ಲೇಕ್ ಪಾರ್ಕಿನ ಗಡಿಯಾಚೆ ಗ್ಲೇಸಿಯರ್ ಪೀಕ್ ವೈಲ್ಡರ್‌ನೆಸ್‌ನಲ್ಲಿದೆ. ಪರ್ಮಿಟ್ ಬೇಡದಿದ್ದರೂ ಮಾರ್ಬಲ್‌ಮೌಂಟ್‌ಗೆ ಫೋನ್ ಮಾಡಿ ಕ್ಯಾಸ್ಕೇಡ್ ರಿವರ್ ರಸ್ತೆ ಕೊನೆಯವರೆಗೆ ತೆರೆದಿದೆಯೇ ಎಂದು ಕೇಳಲೇಬೇಕು. ಮಣ್ಣು ರಸ್ತೆ ಅದು, ಕೊಚ್ಚಿಹೋಗುತ್ತದೆ. ಇನ್ನೊಂದು ತುದಿಯ ಸುಯಾಟಲ್ ರಿವರ್ ರಸ್ತೆ 2003ರ ಪ್ರವಾಹದಲ್ಲಿ ಹಾಳಾಗಿ ಪೂರ್ತಿ ತೆರೆದದ್ದು 2014ರಲ್ಲಿ. ಆ ವರ್ಷಗಳಲ್ಲಿ ಕೊನೆಯ ದಿನಕ್ಕೆ ರಸ್ತೆ ನಡಿಗೆಯೂ ಸೇರಿಕೊಳ್ಳುತ್ತಿತ್ತು.

ನಕ್ಷೆ, ಒಂದು ಕಾಗದದ ಪಟ್ಟಿ

ಬೇಕಾದ ಹಾಳೆಗಳು 1:24,000 ಅಳತೆಯ ಯುಎಸ್‌ಜಿಎಸ್ (ಅಮೆರಿಕ ಸರ್ಕಾರದ ಭೂಸರ್ವೇಕ್ಷಣ ಸಂಸ್ಥೆ) ನಕ್ಷೆಗಳು: ಕ್ಯಾಸ್ಕೇಡ್ ಪಾಸ್, ಡೋಮ್ ಪೀಕ್, ಡೌನಿ ಮೌಂಟನ್. ಮನೆಯಲ್ಲಿ ಪ್ರಿಂಟ್ ತೆಗೆಯುವಾಗ ಪ್ರಿಂಟರ್ ಹಾಳೆಗೆ ಹೊಂದಿಸಲೆಂದು ಸದ್ದಿಲ್ಲದೆ ನಾಲ್ಕೈದು ಪರ್ಸೆಂಟ್ ಕುಗ್ಗಿಸುತ್ತದೆ. ತೆಗೆದ ಕೂಡಲೇ ಸ್ಕೇಲ್ ಇಟ್ಟು ಅಳೆಯಿರಿ: 1 ಕಿ.ಮೀ. ಪಟ್ಟಿ 41.7 ಮಿ.ಮೀ. ಇರಬೇಕು. 39.6 ಇದ್ದರೆ ಪ್ರತಿ ಕಿಲೋಮೀಟರಿಗೂ 50 ಮೀ. ಕಡಿಮೆ ಲೆಕ್ಕ ಸಿಗುತ್ತದೆ; 100 ಪರ್ಸೆಂಟ್ ಎಂದು ಆಯ್ಕೆ ಮಾಡಿ ಮತ್ತೆ ತೆಗೆಯಬೇಕು.

ಈಗ ಗಟ್ಟಿ ಕಾಗದದ ಒಂದು ಪಟ್ಟಿ ಕತ್ತರಿಸಿ. ಈ ನಕ್ಷೆಗಳಲ್ಲಿ 40 ಅಡಿಗೊಂದು ಸಮೋನ್ನತ ರೇಖೆ, ಪ್ರತಿ ಐದನೆಯದು ದಪ್ಪ. ಅಂದರೆ ಎರಡು ದಪ್ಪ ರೇಖೆಗಳ ನಡುವೆ 200 ಅಡಿ, 61 ಮೀ. ಏರು. ಆ ಎರಡು ದಪ್ಪ ರೇಖೆಗಳ ಅಂತರ 4.4 ಮಿ.ಮೀ. ಇದ್ದರೆ ಇಳಿಜಾರು 30 ಡಿಗ್ರಿ, 3.6 ಇದ್ದರೆ 35, 3.0 ಇದ್ದರೆ 40, 2.5 ಇದ್ದರೆ 45. ಈ ನಾಲ್ಕು ಅಂತರಗಳನ್ನು ಸೂಜಿಮೊನೆಯ ಪೆನ್ಸಿಲಿನಿಂದ ಪಟ್ಟಿಯ ಅಂಚಿಗೆ ಗುರುತು ಮಾಡಿ, ದಾರಿಯುದ್ದಕ್ಕೂ ನಕ್ಷೆಯ ಮೇಲೆ ಜಾರಿಸಿಕೊಂಡು ಹೋಗಿ. 35 ದಾಟಿದ ಕಡೆಯೆಲ್ಲ ಕೆಂಪು ಗೆರೆ. ಒಂದು ಸಂಜೆಯ ಕೆಲಸ. ಫೋನಿನ ಆ್ಯಪ್ ಇದನ್ನೇ ಬಣ್ಣದಲ್ಲಿ ತೋರಿಸುತ್ತದೆ ನಿಜ, ಆದರೆ ಕೈಯಿಂದ ಅಳೆದ ಇಳಿಜಾರು ತಲೆಯಲ್ಲಿ ಉಳಿಯುತ್ತದೆ.

ಇಲ್ಲೊಂದು ಎಚ್ಚರ. ಹಳೆಯ ಹಾಳೆಗಳು ಹಿಮನದಿಗಳನ್ನು ಇಂದಿಗಿಂತ ದೊಡ್ಡದಾಗಿ, ದಪ್ಪವಾಗಿ ತೋರಿಸುತ್ತವೆ. ಸೌತ್ ಕ್ಯಾಸ್ಕೇಡ್ ಹಿಮನದಿಯನ್ನು ಯುಎಸ್‌ಜಿಎಸ್ 1950ರ ದಶಕದ ಕೊನೆಯಿಂದ ಅಳೆಯುತ್ತಾ ಬಂದಿದೆ. ಅಂದಿನಿಂದ ಅದು ಬಹಳ ಹಿಂದೆ ಸರಿದಿದೆ. ನಕ್ಷೆಯಲ್ಲಿ ಬಿಳಿ ಇದ್ದ ಕಡೆ ಈಗ ಸವೆದ ಬಂಡೆ, ಸಡಿಲ ಕಲ್ಲು ಇರಬಹುದು. ಹಿಂದಿನ ಸೆಪ್ಟೆಂಬರಿನ ಉಪಗ್ರಹ ಚಿತ್ರವನ್ನು ಪಕ್ಕದಲ್ಲಿಟ್ಟು ಹಿಮದ ಅಂಚನ್ನು ಪೆನ್ಸಿಲಿನಲ್ಲಿ ತಿದ್ದಿಕೊಳ್ಳಬೇಕು. ಬೇರೆಯವರ ಜಿಪಿಎಸ್ ಟ್ರ್ಯಾಕನ್ನು ಹಿಮನದಿಯ ಮೇಲೆ ಕಣ್ಣುಮುಚ್ಚಿ ಹಿಂಬಾಲಿಸುವುದು ಇದೇ ಕಾರಣಕ್ಕೆ ಅಪಾಯ. ಜುಲೈ ಮೊದಲ ವಾರ ಗಟ್ಟಿ ಹಿಮಸೇತುವೆ ಇದ್ದ ಜಾಗದಲ್ಲಿ ಆಗಸ್ಟ್ ಕೊನೆಗೆ ಬಾಯ್ದೆರೆದ ಬಿರುಕು ಇರುತ್ತದೆ.

ದಿಕ್ಸೂಚಿಯ ತಿದ್ದುಪಡಿ ಬೇರೆ ಇದೆ. ಕರ್ನಾಟಕದಲ್ಲಿ ಕಾಂತ ಉತ್ತರಕ್ಕೂ ನಿಜ ಉತ್ತರಕ್ಕೂ ವ್ಯತ್ಯಾಸ ಒಂದೆರಡು ಡಿಗ್ರಿ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನಡೆದು ರೂಢಿಯಾಗಿರುತ್ತದೆ. ಇಲ್ಲಿ ಅದು ಪೂರ್ವಕ್ಕೆ ಸುಮಾರು 15 ಡಿಗ್ರಿ. ತಿದ್ದದೆ ಮಂಜಿನಲ್ಲಿ 1 ಕಿ.ಮೀ. ನಡೆದರೆ ಗುರಿಯಿಂದ 260 ಮೀ. ಆಚೆ ನಿಂತಿರುತ್ತೀರಿ, ಒಂದು ಕೋಲ್ ತಪ್ಪಿ ಪಕ್ಕದ ಗೋಡೆಯ ಬುಡಕ್ಕೆ ಹೋಗಲು ಅಷ್ಟು ಸಾಕು. ನಕ್ಷೆಯ ಕೋನದಿಂದ 15 ಕಳೆದು ಕಾಂತ ಕೋನ ಬರೆಯಬೇಕು. ಪ್ರತಿ ಹಿಮನದಿಗೂ ಒಂದು ಸಾಲಿನ ಕಾರ್ಡು: ಎಲ್ಲಿಂದ, ಎಲ್ಲಿಗೆ, ಕಾಂತ ಕೋನ, ದೂರ, ಎತ್ತರದ ವ್ಯತ್ಯಾಸ. ಲ್ಯಾಮಿನೇಟ್ ಮಾಡಿ ಮೂವರ ಜೇಬಿಗೂ ಒಂದೊಂದು.

ಆಲ್ಟಿಮೀಟರನ್ನು ಪ್ರತಿ ಕೆರೆಯ ಬಳಿ ನಕ್ಷೆಯ ಎತ್ತರಕ್ಕೆ ಸರಿಮಾಡಿಕೊಳ್ಳಿ. ಮಲಗುವಾಗ ನೋಡಿದ್ದಕ್ಕಿಂತ ಬೆಳಿಗ್ಗೆ 30 ಮೀ. ಹೆಚ್ಚು ತೋರಿಸಿದರೆ ಟೆಂಟ್ ಮೇಲೆ ಹೋಗಿಲ್ಲ, ಗಾಳಿಯ ಒತ್ತಡ ಸುಮಾರು 3 ಹೆಕ್ಟೊಪಾಸ್ಕಲ್ ಇಳಿದಿದೆ. ಪಶ್ಚಿಮದ ಆಕಾಶ ನೋಡಿ.

ರೆಡ್ ಲೆಡ್ಜಸ್

ಎರಡನೇ ದಿನದ ಮೊದಲ ಗಂಟೆಯಲ್ಲೇ ಬರುವ ಈ ಜಾಗ ಹಿಮನದಿಯಲ್ಲ, ಆದರೂ ಹೆಚ್ಚು ತಂಡಗಳು ಇಲ್ಲಿ ತಡವರಿಸುತ್ತವೆ. ಕೆಂಪು ಬಂಡೆಗೋಡೆಗೆ ಅಡ್ಡಲಾಗಿ ಒಂದು ಕಿರಿದಾದ ಮೆಟ್ಟಿಲು. ಅದನ್ನು ಮುಟ್ಟಲು ಕಡಿದಾದ ಹಿಮದ ಕೊರಕಲೊಂದನ್ನು ದಾಟಬೇಕು. ಹಿಮ ಕರಗುತ್ತಾ ಬಂಡೆಯಿಂದ ಬಿಟ್ಟುಕೊಂಡು ನಡುವೆ ಸಂದು ಬೀಳುತ್ತದೆ. ಹಿಮದ ಅಂಚು ನೋಡಲು ಗಟ್ಟಿ, ಅಡಿಯಲ್ಲಿ ಟೊಳ್ಳು. ಆ್ಯಕ್ಸಿನ ಹಿಡಿಯನ್ನು ಅಡಿಗೊಮ್ಮೆ ಚುಚ್ಚಿ ನೋಡುತ್ತಾ, ಅಂಚು ತೆಳುವಾದ ಕಡೆಯಿಂದ ದೂರ ಸರಿದು, ಸಂದು ಕಿರಿದಾದಲ್ಲಿ ಬಂಡೆಗೆ ದಾಟಬೇಕು. ಬೆಳಿಗ್ಗೆ ಬೇಗ ಹೋದರೆ ಹಿಮ ಕಲ್ಲಿನಂತೆ. ಕ್ರ್ಯಾಂಪನ್ ಇಲ್ಲದೆ ಹೆಜ್ಜೆ ಇಡಬಾರದು. ಕೊರಕಲು ದಾಟಿ ಬಂಡೆಗೆ ಬಂದ ಕೂಡಲೇ ಅದೇ ಕ್ರ್ಯಾಂಪನ್ ತೊಡಕು. ಹಾಕಿ ಬಿಚ್ಚುವುದಕ್ಕೆ ತಲಾ ಐದು ನಿಮಿಷವನ್ನು ವೇಳಾಪಟ್ಟಿಯಲ್ಲೇ ಬರೆಯಿರಿ. 250 ಗ್ರಾಮ್ ಉಳಿಯುತ್ತದೆಂದು ಅಲ್ಯೂಮಿನಿಯಂ ಕ್ರ್ಯಾಂಪನ್ ತಂದರೆ ಇಂಥ ಕಲ್ಲಿನ ಮೇಲೆ ಹಲ್ಲು ಮೊಂಡಾಗಿ, ಆಗಸ್ಟಿನ ಬರಿಯ ಐಸಿನ ಮೇಲೆ ಕಚ್ಚುವುದಿಲ್ಲ. ಉಕ್ಕಿನದೇ ಇರಲಿ.

ಹಗ್ಗ

ಮೊದಲು ಬರೆದದ್ದು 8 ಮಿ.ಮೀ. ದಪ್ಪದ 50 ಮೀ. ಹಗ್ಗ. ಮೂವರ ನಡುವೆ 12 ಮೀ.ನಂತೆ 24 ಮೀ. ಹೋದರೆ ಉಳಿದದ್ದು 26, ಎರಡು ತುದಿಗೆ ತಲಾ 13. ತುದಿಯವರು ಬಿರುಕಿಗೆ ಬಿದ್ದರೆ ಮೇಲಿನವರು ಆಂಕರ್ (ಹಗ್ಗಕ್ಕೆ ಆಧಾರ) ಹೂಡುವುದು ಅಂಚಿನಿಂದ ಹಿಂದೆ. ಹಗ್ಗ ಅಂಚನ್ನು ಕೊರೆದು ಒಳಗೆ ಹೂತಿರುತ್ತದೆ, ಹಾಗಾಗಿ ಎಳೆಯಲು ಬೇರೆ ಎಳೆಯೊಂದನ್ನು ಇಳಿಬಿಡಲೇಬೇಕು. ಗಂಟಿಗೂ ಪುಲಿಗೂ ಹೋಗಿ 13 ಮೀ. ಮುಟ್ಟುವುದಿಲ್ಲ. 60 ಮೀ. ಹಗ್ಗದಲ್ಲಿ ತುದಿಗೆ ತಲಾ 18 ಸಿಗುತ್ತದೆ. ಹೆಚ್ಚುವ ತೂಕ 400 ಗ್ರಾಮ್. 60ಕ್ಕೇ ಹೋಗಬೇಕು.

ಪ್ರಸಿಕ್ ಗಂಟಿನ (ಭಾರ ಬಿದ್ದಾಗ ಹಗ್ಗವನ್ನು ಕಚ್ಚಿ ಹಿಡಿಯುವ ಗಂಟು) ದಾರವನ್ನೂ ಮನೆಯಲ್ಲೇ ಪರೀಕ್ಷಿಸಿ. 6 ಮಿ.ಮೀ. ದಾರ 10 ಮಿ.ಮೀ. ಹಗ್ಗವನ್ನು ಚೆನ್ನಾಗಿ ಕಚ್ಚುತ್ತದೆ. ಒದ್ದೆಯಾದ 8 ಮಿ.ಮೀ. ಹಗ್ಗದ ಮೇಲೆ ಮೂರು ಸುತ್ತಿಗೂ ಜಾರಬಹುದು. ಹಗ್ಗವನ್ನು ನೀರಿನಲ್ಲಿ ಅದ್ದಿ, ಮರದ ಕೊಂಬೆಗೆ ಕಟ್ಟಿ, ಬ್ಯಾಗ್ ಸಮೇತ ನೇತಾಡಿ ನೋಡಿ. ಜಾರಿದರೆ ನಾಲ್ಕನೇ ಸುತ್ತು, ಇಲ್ಲವೇ ಮೃದುವಾದ ದಾರ. ಮೂರಕ್ಕೊಂದರ ಪುಲಿ ವ್ಯವಸ್ಥೆ ಪುಸ್ತಕದಲ್ಲಿ ಮೂರು ಪಟ್ಟು ಎಳೆಯುತ್ತದೆ. ಬರೀ ಕ್ಯಾರಬೀನರ್‌ಗಳಲ್ಲಿ (ಹಗ್ಗ ಸಿಕ್ಕಿಸುವ ಲೋಹದ ಕೊಕ್ಕೆ) ಘರ್ಷಣೆ ಕಳೆದು ಎರಡು ಪಟ್ಟಿನ ಆಸುಪಾಸು. ತಲಾ ಒಂದು ಹಗುರ ಪುಲಿ ಇದ್ದರೆ ಇಬ್ಬರೇ ಮೂರನೆಯವರನ್ನು ಎತ್ತಬಹುದು.

ಊಟ, ಗ್ಯಾಸ್, ತೂಕ

ತಲಾ ದಿನಕ್ಕೆ 700 ಗ್ರಾಮ್, ಸುಮಾರು 3,300 ಕಿಲೋಕ್ಯಾಲರಿ: ಅವಲಕ್ಕಿ 120, ಹುರಿದ ಉಪ್ಪಿಟ್ಟಿನ ರವೆ 130, ಶೇಂಗಾ ಚಿಕ್ಕಿ 120, ಹುರಿದ ಶೇಂಗಾ ಗೋಡಂಬಿ 100, ಕೆನೆ ಹಾಲಿನ ಪುಡಿ 60, ನೂಡಲ್ಸ್ 100, ತುಪ್ಪ 30, ಒಣದ್ರಾಕ್ಷಿ ಬೆಲ್ಲ 40. ಏಳು ದಿನಕ್ಕೆ 4.9 ಕಿಲೋ.

1,900 ಮೀ. ಎತ್ತರದಲ್ಲಿ ನೀರು 93–94 ಡಿಗ್ರಿಗೇ ಕುದಿಯುತ್ತದೆ. ಬೇಳೆ ಬೇಯಿಸಲು ಹೊರಟರೆ ಗ್ಯಾಸ್ ಮುಗಿಯುತ್ತದೆ, ಬೇಳೆ ಬೇಯುವುದಿಲ್ಲ. ಬಿಸಿನೀರು ಹಾಕಿ ಮುಚ್ಚಿಟ್ಟರೆ ಸಾಕು ಎನ್ನುವಂಥದ್ದನ್ನೇ ಒಯ್ಯಬೇಕು. ಬನ್ಸಿ ರವೆ ಹೀಗೆ ನೆನೆಸಿದರೆ ಒಳಗೆ ಹಸಿಯೇ ಉಳಿಯುತ್ತದೆ. ಸಣ್ಣ ರವೆಯನ್ನು ತುಪ್ಪದಲ್ಲಿ ಘಮ್ಮೆನ್ನುವವರೆಗೆ ಹುರಿದು, ಕರಿಬೇವು ಗರಿಗರಿಯಾಗುವ ಒಗ್ಗರಣೆ ಸೇರಿಸಿ, ಈರುಳ್ಳಿ ಬಿಟ್ಟು, ಪೂರ್ತಿ ಆರಿದ ಮೇಲೆ ಪ್ಯಾಕೆಟ್ ಮಾಡಿ. ಬಿಸಿ ಇರುವಾಗಲೇ ಕಟ್ಟಿದರೆ ಒಳಗೆ ಬೆವರಿ ಮೂರನೇ ದಿನಕ್ಕೆ ಮುಗ್ಗಲು. 130 ಗ್ರಾಮಿಗೆ 400 ಮಿ.ಲೀ. ನೀರು, ಹತ್ತು ನಿಮಿಷ. ಅವಲಕ್ಕಿ ಮಧ್ಯಮ ದಪ್ಪದ್ದಿರಲಿ, ಪೇಪರ್ ಅವಲಕ್ಕಿ ಅಂಟಾಗುತ್ತದೆ.

ಮೂವರಿಗೆ ದಿನಕ್ಕೆ 6 ಲೀ. ಬಿಸಿನೀರು. ಹಿಮ ಕರಗಿದ ತಣ್ಣನೆಯ ನೀರನ್ನು ಗಾಳಿಯಲ್ಲಿ ಕುದಿಸಲು ಲೀಟರಿಗೆ 12 ಗ್ರಾಮ್ ಗ್ಯಾಸ್ ಇಟ್ಟುಕೊಳ್ಳಿ. ದಿನಕ್ಕೆ 72, ಏಳು ದಿನಕ್ಕೆ 504. 230 ಗ್ರಾಮಿನ ಎರಡು ಡಬ್ಬಿ 460ಕ್ಕೇ ನಿಲ್ಲುತ್ತವೆ, ಹಾಗಾಗಿ 110ರದ್ದು ಇನ್ನೊಂದು. ವಿಮಾನದಲ್ಲಿ ಬರುವವರು ಡಬ್ಬಿಗಳನ್ನು ಸಿಯಾಟಲ್‌ನಲ್ಲೇ ಕೊಳ್ಳಬೇಕು.

ಹಂಚಿಕೊಳ್ಳುವ ಸಾಮಾನು: ಟೆಂಟ್ 2.2 ಕಿಲೋ, ಹಗ್ಗ 2.4, ಸ್ಟವ್ ಪಾತ್ರೆ 0.7, ಗ್ಯಾಸ್ ಡಬ್ಬಿ ಸಮೇತ 0.95, ಪಿಕೆಟ್ ಎರಡು 0.7, ಐಸ್ ಸ್ಕ್ರೂ ಎರಡು 0.3, ಔಷಧಿ ಮತ್ತು ರಿಪೇರಿ ಚೀಲ 0.8, ನಕ್ಷೆ ಮೆಸೆಂಜರ್ ಬ್ಯಾಟರಿ 0.5. ಒಟ್ಟು 8.55, ತಲಾ 2.85. ಸ್ವಂತದ್ದು ನೀರು ಸೇರಿ 10.5. ಊಟ 4.9. ಹೊರಡುವ ಬೆಳಿಗ್ಗೆ ಬೆನ್ನ ಮೇಲೆ 18.25 ಕಿಲೋ. 20 ದಾಟಿದರೆ ಮೇಲಿನ ವೇಳೆಯ ಲೆಕ್ಕ ನಡೆಯುವುದಿಲ್ಲ. ಇದೇ ಭಾರ ಹೊತ್ತು ಮೌಂಟ್ ಸೈ (6.4 ಕಿ.ಮೀ.ಯಲ್ಲಿ 960 ಮೀ. ಏರು) ಹತ್ತಿ ನೋಡಿ. ನಾಲ್ಕೂವರೆ ಗಂಟೆಯೊಳಗೆ ತುದಿ ಮುಟ್ಟಿದರೆ ಲೆಕ್ಕ ಸರಿ. ಬೆಂಗಳೂರಿನಿಂದ ಹೊರಡುವವರಿಗೆ ಕುಕ್ಕೆಯಿಂದ ಕುಮಾರಪರ್ವತದ ಏರು, 1,500 ಮೀ.ಗೂ ಹೆಚ್ಚು, ಇದಕ್ಕಿಂತ ಕಠಿಣ ಪರೀಕ್ಷೆ.

ಬ್ಯಾಗಿನ ಪಟ್ಟಿ, ವಾಕಿಂಗ್ ಪೋಲಿನ ಹಿಡಿಕೆ ರಾತ್ರಿ ಟೆಂಟಿನ ಒಳಗಿರಲಿ. ಬೆವರಿನ ಉಪ್ಪಿಗೆ ಪರ್ವತದ ಆಡುಗಳೂ ಮಾರ್ಮಾಟ್‌ಗಳೂ ಅವನ್ನು ಅಗಿದು ಹಾಕುತ್ತವೆ. ಅದೇ ಕಾರಣಕ್ಕೆ ಮೂತ್ರ ಮಾಡುವುದು ಟೆಂಟಿನಿಂದ ದೂರ, ಕಲ್ಲಿನ ಮೇಲೆ. ಹುಲ್ಲಿನ ಮೇಲೆ ಮಾಡಿದರೆ ಆಡು ಬೇರು ಸಮೇತ ಕೆರೆದು ಹಾಕುತ್ತದೆ.

ಹೊರಡುವ ಹಿಂದಿನ ದಿನ

ಮನೆಯಲ್ಲಿ ಉಳಿಯುವವರಿಗೆ ಒಂದು ಹಾಳೆ: ದಿನವಾರು ಜಾಗ, ಟೆಂಟಿನ ಬಣ್ಣ, ಎರಡೂ ಕಾರುಗಳ ನಂಬರ್, ಮೆಸೆಂಜರಿನ ಕೊಂಡಿ, ಪಾರ್ಕಿನ ಮತ್ತು ಕೌಂಟಿ ಶೆರಿಫರ ತುರ್ತು ನಂಬರ್. ವಾಷಿಂಗ್ಟನ್‌ನಲ್ಲಿ ಪಾರ್ಕಿನ ಹೊರಗೆ ಹುಡುಕಾಟದ ಹೊಣೆ ಶೆರಿಫರದು. ಹಾಳೆಯಲ್ಲಿ ಎರಡು ವೇಳೆ ಬೇರೆ ಬೇರೆ ಬರೆಯಬೇಕು: ಹೊರಬರುವ ಅಂದಾಜು ಆರನೇ ದಿನ ಸಂಜೆ, ತಂಡದಿಂದ ಸುದ್ದಿ ಇಲ್ಲದಿದ್ದರೆ ಮನೆಯವರು ತುರ್ತು ನಂಬರಿಗೆ ಫೋನ್ ಮಾಡಬೇಕಾದದ್ದು ಎಂಟನೇ ದಿನ ಮಧ್ಯಾಹ್ನ 12ಕ್ಕೆ. ಒಂದೇ ವೇಳೆ ಬರೆದರೆ, ಖಾಲಿ ದಿನ ಬಳಸಿದ ಕೂಡಲೇ ಮನೆಯವರು ಗಾಬರಿಯಾಗುತ್ತಾರೆ, ತಂಡ ಅದಕ್ಕೆ ಹೆದರಿ ಮಂಜಿನಲ್ಲೇ ಹೊರಡುತ್ತದೆ.

ಕಾರುಗಳು ಎರಡು. ಒಂದನ್ನು ಮೊದಲು ಡೌನಿ ಕ್ರೀಕ್‌ನಲ್ಲಿ ನಿಲ್ಲಿಸಿ, ರಾಕ್‌ಪೋರ್ಟ್ ಮತ್ತು ಮಾರ್ಬಲ್‌ಮೌಂಟ್ ಮೂಲಕ ಇನ್ನೊಂದರಲ್ಲಿ ಮೇಲೆ ಹೋಗಲು ಎರಡು, ಎರಡೂವರೆ ಗಂಟೆ. ಡೌನಿ ಕ್ರೀಕಿನ ಕಾರಿನಲ್ಲಿ ಒಣ ಬಟ್ಟೆ, ಚಪ್ಪಲಿ, 4 ಲೀ. ನೀರು. ಆ ಕಾರಿನ ಕೀಲಿ ಮೇಲಿನ ಕಾರಿನಲ್ಲಿ ಉಳಿಯದಂತೆ, ಒಂದನ್ನು ಔಷಧಿ ಚೀಲದ ಒಳಗೆ ಹೊಲಿದು, ಇನ್ನೊಂದನ್ನು ಬೇರೆಯವರ ಬ್ಯಾಗಿನ ತಲೆಜೇಬಿನ ಕ್ಲಿಪ್ಪಿಗೆ ಸಿಕ್ಕಿಸಿ ಹೊರಡಿ.